ಪ್ರಶ್ನೆ ಮಾತ್ರ, ಭಾಷಣ ಬೇಡ

ಮಣಿಪಾಲದ ಆ ಸಭಾಂಗಣದಲ್ಲಿ ನಿವೃತ್ತ ರಾಯಭಾರಿಯೊಬ್ಬರು ಕೊಲ್ಲಿ ರಾಷ್ಟ್ರಗಳೊಡನೆ ಭಾರತದ ಸಂಬಂಧ ಎಷ್ಟು ಗಟ್ಟಿಯಾಗಿದೆ ಎಂದು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು. ಎಸಿಯ ಚಳಿಗೆ ಜುವೈರಿಯಾ ಶಾಲು ಎಳೆದುಕೊಂಡಳು. ಅವಳ ಗಂಡ ಫೈಝಲ್ ಕಳೆದ ಮಳೆಗಾಲದಿಂದ ಅಂಥದ್ದೇ ಒಂದು ದೇಶದ ಬಂದರಿನಲ್ಲಿ, ಮಾಲೀಕ ಕೈಬಿಟ್ಟ ಸರಕು ಹಡಗಿನೊಳಗೆ ಸಿಕ್ಕಿಬಿದ್ದಿದ್ದ. ಹಡಗು ನೋಡಿಕೊಳ್ಳಲು ಬದಲಿ ಜನ ಬರದೆ ಅವನು ಇಳಿಯುವಂತಿಲ್ಲ ಎನ್ನುತ್ತಾರೆ ಬಂದರಿನವರು. ಬದಲಿ ಜನರನ್ನು ಕಳಿಸಬೇಕಾದ ಮಾಲೀಕನ ಫೋನು ಬಂದ್.

ಆ ದೇಶದಲ್ಲೇ ರಾಯಭಾರಿಯಾಗಿದ್ದವರು ಬರುತ್ತಾರೆಂದು ತಿಳಿಸಿದ್ದು ನೆರೆಮನೆಯ ಕುಶಲಾ ಟೀಚರ್. ಅವರೊಂದು ಫೋನ್ ಮಾಡಿದರೆ ಸಾಕು ಎಂಬ ಆಸೆಯಲ್ಲಿ ಜುವೈರಿಯಾ ಉದ್ಯಾವರದಲ್ಲಿ ಬಸ್ಸು ಹತ್ತಿದ್ದಳು. ಮನೆಯಲ್ಲಾಡುವ ಬ್ಯಾರಿ ಭಾಷೆಯನ್ನು ಬದಿಗಿಟ್ಟು, ದಾರಿಯುದ್ದಕ್ಕೂ ಪ್ರಶ್ನೆಯನ್ನು ಕನ್ನಡದಲ್ಲಿ ಬಾಯಿಪಾಠ ಮಾಡಿದ್ದಳು.

"ಎಂತ ಭಾಷಣ ಮಾರಾಯ್ತಿ, ಇದನ್ನು ಕೇಳಿದ್ರೆ ಹಡಗೂ ಮುಳುಗ್ತದೆ," ಎಂದು ಪಿಸುಗುಟ್ಟಿದ ಟೀಚರ್, ಮರುಕ್ಷಣವೇ ನಾಲಿಗೆ ಕಚ್ಚಿಕೊಂಡರು.

ಕೊನೆಗೂ ಸಭೆ ನಡೆಸುತ್ತಿದ್ದ ಪ್ರೊಫೆಸರ್ ಅಲೋಶಿಯಸ್ ಎದ್ದರು. "ಪ್ರಶ್ನೆ ಮಾತ್ರ ಕೇಳಿ, ಭಾಷಣ ಬೇಡ. ಭಾಷಣಕ್ಕೆ ನಾವು ಬೇರೆಯವರನ್ನು ಕರೆಸಿದ್ದೇವೆ, ಅಲ್ವಾ?" ಸಭೆ ನಕ್ಕಿತು. ಮೈಕು ಕೈಯಿಂದ ಕೈಗೆ ದಾಟಿ ಜುವೈರಿಯಾಳ ಬಳಿ ಬಂತು. ಅವಳು ಎದ್ದು ನಿಂತಳು.

"ಸರ್, ನನ್ನ ಗಂಡ ಫೈಝಲ್ ಅಲ್ಲಿ ಹಡಗಿನಲ್ಲಿ ಸಿಕ್ಕಿಬಿದ್ದಿದ್ದಾರೆ. ಕುಡಿಯುವ ನೀರಿಗೂ ಕಷ್ಟ ಉಂಟು. ಅವರನ್ನು ಇಳಿಸಲು ಯಾರಿಗೆ ಹೇಳಬೇಕು? ನೀವೊಂದು ಮಾತು ಹೇಳ್ತೀರಾ?"

ರಾಯಭಾರಿಗಳಿಗೆ ಕನ್ನಡ ಬಾರದು. ಅವರು ಅಲೋಶಿಯಸ್ಸರ ಮುಖ ನೋಡಿದರು. ಅಲೋಶಿಯಸ್ ಗಡಿಯಾರ ನೋಡಿ, ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಹೇಳಿದರು: ವಲಸೆ ಕಾರ್ಮಿಕರ ಬಗ್ಗೆ ನಮ್ಮ ನೀತಿ ಏನೆಂದು ಇವರು ಕೇಳುತ್ತಿದ್ದಾರೆ.

ಪಿಯುಸಿ ಓದಿದವಳಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತಿತ್ತು. ಅದರಲ್ಲಿ ಫೈಝಲ್ ಇರಲಿಲ್ಲ. ಹಡಗಿರಲಿಲ್ಲ, ನೀರಿರಲಿಲ್ಲ. ಒಬ್ಬ ಮನುಷ್ಯನನ್ನು ಹಡಗಿನಿಂದ ಇಳಿಸಲಾರದ ಈ ವಿದ್ಯಾವಂತ ಲೋಕ ಅವನನ್ನು ವಾಕ್ಯದಿಂದ ಎಷ್ಟು ಸಲೀಸಾಗಿ ಇಳಿಸಿಬಿಟ್ಟಿತ್ತು!

"ಬಹಳ ಒಳ್ಳೆಯ ಪ್ರಶ್ನೆ," ಎಂದು ಇಂಗ್ಲಿಷಿನಲ್ಲೇ ಶುರುಮಾಡಿದ ರಾಯಭಾರಿಗಳು ಒಪ್ಪಂದಗಳನ್ನೂ ಸಹಾಯವಾಣಿಗಳನ್ನೂ ಹೊಗಳಿದರು. ಆ ಸಹಾಯವಾಣಿಗಳು ಕಾಯಿಸುವಾಗ ಹಾಕುವ ಸಂಗೀತವನ್ನು ಜುವೈರಿಯಾ ತಿಂಗಳುಗಟ್ಟಲೆ ಕೇಳಿದ್ದಳು. ಚಪ್ಪಾಳೆ ಬಿತ್ತು.

"ಸರ್, ನಾನು ಕೇಳಿದ್ದು ಅದಲ್ಲ..." ಮೈಕು ಆಗಲೇ ಸತ್ತಿತ್ತು.

"ಕೂತ್ಕೊಳ್ಳಿ ಅಮ್ಮಾ," ಎಂದರು ಅಲೋಶಿಯಸ್. "ಸರ್ ಇಲ್ಲಿಂದಲೇ ಏರ್‌ಪೋರ್ಟಿಗೆ ಹೋಗ್ಲಿಕ್ಕುಂಟು."

"ಕೂತ್ಕೊ ಜುವೈರಿಯಾ, ಎಲ್ಲರೂ ನೋಡ್ತಾರೆ," ಎಂದು ಟೀಚರ್ ತೋಳು ಜಗ್ಗಿದರು.

ನೋಡಲಿ ಎಂದೇ ಅವಳು ಕೂರಲಿಲ್ಲ. ಸಭಿಕರಲ್ಲಿ ನಿಂತವಳು ಅವಳೊಬ್ಬಳೇ. ಕಾಗದ ಜೋಡಿಸುತ್ತಿದ್ದ ರಾಯಭಾರಿಗಳು ತಲೆಯೆತ್ತಿದರು. ಅವರ ಕಣ್ಣು ಅವಳ ಮೇಲೆ ಬಂದು ನಿಂತಿತು. ಹುಬ್ಬು ಗಂಟಾಯಿತು, ಏನೋ ಕೇಳಲೆಂದು ಅವರು ಅಲೋಶಿಯಸ್ಸರತ್ತ ಬಾಗಿದರು.

ಅಷ್ಟರಲ್ಲಿ ಧ್ವನಿವರ್ಧಕ ಹೇಳಿತು: "ಎಲ್ಲರೂ ರಾಷ್ಟ್ರಗೀತೆಗೆ ಎದ್ದು ನಿಲ್ಲಬೇಕು."

ಕುರ್ಚಿಗಳು ಸದ್ದುಮಾಡಿದವು. ಎದುರಿನ ಸಾಲಿನ ಎತ್ತರದ ಹುಡುಗರು ಎದ್ದರು, ವೇದಿಕೆ ಮರೆಯಾಯಿತು. ಜುವೈರಿಯಾ ಮೊದಲೇ ನಿಂತಿದ್ದಳು. ಈಗ ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ.