ಎರಡನೆಯ ಕೇಸು

"ತೆಗೆಯಲ್ಲ ಅಂತ ಹೇಳ್ತಿಲ್ಲ ಮೇಷ್ಟ್ರೇ. ನಿಮ್ಮ ಹೆಂಡ್ತಿಗೆ ಹೇಳದೆ ತೆಗೆಯಲ್ಲ ಅಂತಿದ್ದೀನಿ," ಎಂದರು ಡಾಕ್ಟರ್ ಸೀತಾಲಕ್ಷ್ಮಿ, ಕೈ ಒರೆಸಿಕೊಳ್ಳುತ್ತ. "ವಂಕಿ ಇರೋದು ಅವರ ಮೈಯೊಳಗೆ. ಇನ್ನಿಬ್ಬರನ್ನ ನೋಡಿ ಮುಗಿಸ್ತೀನಿ, ಅಷ್ಟರಲ್ಲಿ ನೀವೇ ಹೇಳಿ."

ತಿಮ್ಮರಾಯಪ್ಪ ಎದ್ದ. ಹೇಳಬೇಕಾದದ್ದು ಬಹಳವೇನಲ್ಲ. ಎಂಟು ವರ್ಷದ ಹಿಂದೆ, ತುರ್ತು ಪರಿಸ್ಥಿತಿಯ ದಿನಗಳಲ್ಲಿ, ಅವನು ಕತ್ರಿಗುಪ್ಪೆಯ ಆಚೆಯ ಶಾಲೆಯೊಂದರಲ್ಲಿ ಹೊಸ ಮೇಷ್ಟ್ರು. ಕುಟುಂಬ ಯೋಜನೆಯ ಕ್ಯಾಂಪಿಗೆ ಇಬ್ಬರನ್ನು, ಇಲಾಖೆಯ ಲೆಕ್ಕದಲ್ಲಿ ಎರಡು ಕೇಸು, ತರದವರ ಕೆಲಸ ಖಾಯಂ ಆಗದೆಂದು ಹೆಡ್‌ಮಾಸ್ಟರು ಹೇಳಿದ್ದರು. ಒಂದು ಹೇಗೋ ಸಿಕ್ಕಿತು. ಇನ್ನೊಂದಕ್ಕೆ, ಮೊದಲ ಹೆಣ್ಣುಮಗು ಹೆತ್ತು ಎರಡು ತಿಂಗಳಾಗಿದ್ದ ಹೆಂಡತಿ ಗೌರಮ್ಮನನ್ನು ಬಾಣಂತಿಯ ತಪಾಸಣೆಯೆಂದು ಕ್ಯಾಂಪಿಗೆ ಕರೆದೊಯ್ದು, ಗರ್ಭ ನಿಲ್ಲದಂತೆ ವಂಕಿ ಹಾಕುವ ಕಾಗದಕ್ಕೆ ತಾನೇ ರುಜು ಹಾಕಿದ್ದ. ಎರಡು ವರ್ಷ ಕಳೆದು ತೆಗೆಸಿದರಾಯಿತು ಎಂದುಕೊಂಡಿದ್ದ. ಆ ಹೊತ್ತಿಗೆ, ಮಾಡಿದ್ದಕ್ಕಿಂತ ಮುಚ್ಚಿಟ್ಟದ್ದೇ ದೊಡ್ಡದಾಗಿ ಬೆಳೆದಿತ್ತು.

ಅತ್ತ ಗೌರಮ್ಮ ಇನ್ನೊಂದು ಮಗುವಿಗಾಗಿ, ಮುಂಜಾವದಲ್ಲಿ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ನಾಗರಕಲ್ಲು ಸುತ್ತತೊಡಗಿದ್ದಳು. ಕಳೆದ ಸೋಮವಾರ ಅಲ್ಲಿಯೇ ಕುಸಿದುಬಿದ್ದಳು. ಸುಸ್ತಿಗೆ ತೋರಿಸೋಣವೆಂದು ಹೇಳಿ ಅವನು ಅವಳನ್ನು ಜಯನಗರದ ಈ ನರ್ಸಿಂಗ್ ಹೋಮಿಗೆ ಕರೆತಂದಿದ್ದ.

ಹೊರಗೆ ಬೆಂಚಿನ ಮೇಲೆ ಅವಳು ಮುದುಕಿಯೊಬ್ಬಳ ಜೊತೆ ನಗುತ್ತಿದ್ದಳು.

"ನಿಮ್ಮೆಜಮಾನ್ರು ಬಂದ್ರು ನೋಡವ್ವ, ಪರೀಕ್ಷೇಲಿ ಫೇಲಾದೋರ ಥರ," ಎಂದು ಮುದುಕಿ ಜಾಗ ಬಿಟ್ಟು ಔಷಧಿಯ ಕಿಟಕಿಯತ್ತ ಹೋದಳು.

"ಏನಂದ್ರು ಡಾಕ್ಟ್ರಮ್ಮ? ನನ್ನ ಮೈಯಲ್ಲೇ ದೋಷ ಅಂದ್ರಾ?" ಗೌರಮ್ಮ ಅವನ ಮುಖ ನೋಡಿದಳು. "ಅನ್ಲಿ ಬಿಡಿ. ಅತ್ತೆ ನಿಮಗೆ ಇನ್ನೊಂದು ಹೆಣ್ಣು ತರ್ತೀನಿ ಅಂತ ಕುಣೀತಿದ್ದಾಗ ನೀವು ಆಗಲ್ಲ ಅಂದ್ರಲ್ಲ, ಬೇರೆ ಗಂಡಸಾಗಿದ್ರೆ ಬಿಡ್ತಿದ್ನಾ? ದೇವರ ಮುಂದೆ ನಿಂತಾಗೆಲ್ಲ ನಾನು ಮೊದ್ಲು ನೆನೆಯೋದು ಅದನ್ನೇ."

ಆ ಮಾತು ಕೇಳಿದ ಮೇಲೆ ಅವಳ ಪಕ್ಕದಲ್ಲಿ ಕೂರುವುದಾಗಲಿಲ್ಲ. ನಿಂತೇ ಹೇಳಿದ, ತಗ್ಗಿದ ದನಿಯಲ್ಲಿ, ಹಾಜರಿ ಕರೆದಂತೆ, ಒಂದರ ಹಿಂದೊಂದು: ಕ್ಯಾಂಪು, ರುಜು, ವಂಕಿ.

ಗೌರಮ್ಮ ತನ್ನ ಒಡೆದ ಹಿಮ್ಮಡಿಯನ್ನು ನೋಡಿಕೊಂಡಳು.

"ಹಂಗಾದ್ರೆ, ಕೇಸು ನಾನು."

"ಕೆಲಸ ಹೋಗ್ತಿತ್ತು ಗೌರಿ..."

"ಒಂದು ಮಾತು ಕೇಳಿದ್ರೆ ನಾನೇ ಹಾಕಿಸ್ಕೊಂತಿದ್ದೆ. ಆವಾಗ ನೀವೇನು ಕೇಳಿದ್ರೂ ಹೂಂ ಅಂತಿದ್ದೆ." ದನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ದಿನಾ ನಾನು ಕಲ್ಲು ಸುತ್ತೋಕೆ ಹೊರಟಾಗ ಬಾಗಿಲು ತೆಗೀತಿದ್ದೋರು ನೀವಲ್ವಾ?"

ನರ್ಸು ಹೆಸರು ಕೂಗಿದಳು. ಅವನೂ ಒಂದು ಹೆಜ್ಜೆ ಇಟ್ಟ.

"ನೀವು ಇಲ್ಲೇ ಇರಿ," ಎಂದಳು ಗೌರಮ್ಮ.

ಹತ್ತು ನಿಮಿಷವೂ ಹಿಡಿಯಲಿಲ್ಲ. "ಸಲೀಸಾಗಿ ಬಂತು," ಎಂದರು ಡಾಕ್ಟರು ಬಾಗಿಲಲ್ಲಿ ನಿಂತು. "ಇನ್ನು ಮಗು ಬೇಕೋ ಬೇಡ್ವೋ, ಅವರನ್ನ ಕೇಳಿ."

ಅವನು ಕೇಳಲಿಲ್ಲ. ಇಬ್ಬರೂ ಬಸ್ ಸ್ಟಾಪಿಗೆ ನಡೆದರು. ಅವಳು ಮುಂದಿನ ಬಾಗಿಲಿನಿಂದ ಹತ್ತಿದಳು, ಅವನು ಹಿಂದಿನಿಂದ.

"ಕತ್ರಿಗುಪ್ಪೆ, ಎರಡು. ಮುಂದೆ ಒಂದು ಲೇಡೀಸು, ಹಸಿರು ಸೀರೆ."

ಕಂಡಕ್ಟರು ಒಂದೇ ಟಿಕೇಟು ಹರಿದ. "ಆಯಮ್ಮ ಆಗ್ಲೇ ತಗೊಂಡ್ರು ಸಾರ್."

ತಲೆಗಳ ಸಂದಿಯಿಂದ ಅವನು ಇಣುಕಿದ. ನಿಂತಿದ್ದ ಹೆಂಗಸೊಬ್ಬಳು ಕಂಬಿ ಹಿಡಿಯಲೆಂದು ತನ್ನ ಕೂಸನ್ನು ಗೌರಮ್ಮನ ತೊಡೆಗೆ ದಾಟಿಸಿದ್ದಳು. ಅದು ಅವಳ ಟಿಕೇಟನ್ನು ಬಾಯಿಗೆ ಒಯ್ಯುತ್ತಿತ್ತು. ಅವಳು ಅದರ ಒದ್ದೆ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು.