ಇಪ್ಪತ್ತು ಸೆಕೆಂಡಿನ ಬಾಗಿಲು

ಅಣ್ಣ ಸ್ಟೂಲು ಹತ್ತಿ ಮುಂಬಾಗಿಲಿನ ಮೋಟಾರಿನ ಎರಡನೇ ಸ್ಕ್ರೂ ಬಿಚ್ಚುತ್ತಿದ್ದ. ಮೊದಲನೆಯದು ಅವನ ತುಟಿಗಳ ನಡುವೆ ಇತ್ತು.

"ಮುಟ್ಟಬೇಡ ಅಣ್ಣ. ಬಿಚ್ಚಿದ್ರೆ ಮತ್ತೆ ಜೋಡಿಸೋರು ಯಾರು?" ಎಂದ ತಮ್ಮ, ಗಾಲಿಕುರ್ಚಿಯಿಂದಲೇ.

ಅಣ್ಣ ಸ್ಕ್ರೂ ಕೈಗೆ ತೆಗೆದುಕೊಂಡ. "ಇನ್ನರ್ಧ ಗಂಟೆಗೆ ನಿನ್ನಕ್ಕನ್ನ ಎತ್ತಬೇಕು. ನಾಲ್ಕು ಜನ ಚಟ್ಟ ಹೊತ್ಕೊಂಡು ಹೊಸ್ತಿಲು ದಾಟೋವಾಗ ಇದು ತಾನಾಗೇ ಮುಚ್ಕೊಂಡ್ರೆ? ಹೋಗೋಳಿಗೂ ಅಡ್ಡ ನಿಲ್ಲಬೇಕಾ?"

ಅವನು ಹೇಳಿದ್ದು ಸುಳ್ಳಲ್ಲ. ಬಾಗಿಲು ತೆರೆದ ಇಪ್ಪತ್ತು ಸೆಕೆಂಡಿಗೆ ಮುಚ್ಚಿಕೊಳ್ಳುತ್ತಿತ್ತು. ಒಂದು ಗಾಲಿಕುರ್ಚಿ ದಾಟಲು ಅಷ್ಟು ಸಾಕೆಂದು ಅಕ್ಕ ಗಡಿಯಾರ ಹಿಡಿದು ಅಳೆದಿದ್ದಳು.

"ಆ ಇಪ್ಪತ್ತು ಸೆಕೆಂಡನ್ನ ನಾನು ಬದಲಾಯಿಸ್ತೀನಿ. ಹತ್ತು ನಿಮಿಷ ಕೊಡು."

"ನೀನಾ?" ಅಣ್ಣ ಕೆಳಗಿಳಿದ. ಹೊಸ್ತಿಲ ಪಕ್ಕದಲ್ಲಿ ತಮ್ಮನ ಬಟ್ಟೆಯ ಚೀಲವಿತ್ತು. ಬೆಳಿಗ್ಗೆ ಅಣ್ಣನೇ ಕಟ್ಟಿಟ್ಟದ್ದು. "ಬಾಗಿಲು ತೆಗೆಯೋಕೆ ನಿನಗೆ ಆ ಕಂಪ್ಯೂಟರ್ ಪೆಟ್ಟಿಗೆ ಬೇಕು. ಪೆಟ್ಟಿಗೆ ಕೆಟ್ರೆ ಅವಳು ಬೇಕಿತ್ತು. ಇನ್ನು ನಿನ್ನೊಬ್ಬನ್ನೇ ಇಲ್ಲಿ ಹೇಗೆ ಬಿಡಲಿ? ಸಂಜೆ ನಮ್ಮನೆಗೆ ಹೋಗೋಣ."

"ನಾನೇ ಸರಿ ಮಾಡಿದ್ರೆ?"

ಅಣ್ಣ ಗಡಿಯಾರ ನೋಡಿದ.

"ಹತ್ತು ನಿಮಿಷ ತಾನೇ, ಕೊಡಪ್ಪ," ಎಂದರು ಪಕ್ಕದ ಮನೆಯ ಮೇಷ್ಟ್ರು. "ನನ್ನ ಬಾಯಲ್ಲಿರೋದು ಅವಳು ಮಾಡಿದ ಹಲ್ಲು. ಕಡಲೆ ಇದ್ದೋನಿಗೆ ಹಲ್ಲಿಲ್ಲ ಅನ್ನೋ ಗಾದೇನ ನನ್ನ ಮಟ್ಟಿಗಾದ್ರೂ ಸುಳ್ಳು ಮಾಡಿದೋಳು. ಅವಳ ತಮ್ಮ ಅಲ್ವಾ ಇವನು."

*

ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಅಕ್ಕನ ಕೆಲಸ. ಕಂಪ್ಯೂಟರ್ ಓದಿದವಳೇನಲ್ಲ. ತಮ್ಮ ಮಹಡಿಯಿಂದ ಬಿದ್ದು, ಕತ್ತಿನ ಕೆಳಗೆ ಬಲಗೈ ಹೆಬ್ಬೆರಳೊಂದೇ ಆಡುವಂತಾದ ವರ್ಷ ಹಟ ಹಿಡಿದು ಕಲಿತಳು. ಎಲ್ಲೆಲ್ಲಿಯವರೋ ಬರೆದು ಪುಕ್ಕಟೆ ಹಂಚಿದ ಪ್ರೋಗ್ರಾಮು ಇಳಿಸಿಕೊಂಡಳು, ಗುಜರಿಯಿಂದ ಕಾರಿನ ವೈಪರ್ ಮೋಟಾರು ತಂದಳು, ಫ್ಯಾನು, ದೀಪ, ಬಾಗಿಲು ಎಲ್ಲವೂ ಆ ಹೆಬ್ಬೆರಳಿನ ಮಾತು ಕೇಳುವಂತೆ ಮಾಡಿದಳು.

ಕಳೆದ ಬೇಸಿಗೆಯಲ್ಲಿ ಅವನೇನೋ ತಿದ್ದಲು ಹೋಗಿ ಫ್ಯಾನು ನಿಂತುಹೋಯಿತು.

"ಅಕ್ಕ, ಸರಿ ಮಾಡು."

"ಕೆಡಿಸಿದೋನು ನೀನು. ನಾನ್ಯಾಕೆ ಮಾಡ್ಲಿ?" ಅವಳು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತ ಕುಳಿತಳು.

"ಸೆಕೆಗೆ ಸತ್ತೇ ಹೋಗ್ತೀನಿ."

"ಏನೂ ಸಾಯಲ್ಲ. ಎಲ್ಲಿ ಕೆಟ್ಟಿದೆ ಅಂತ ಅದೇ ಹೇಳುತ್ತೆ, ಓದು. ನೀನು ಸರಿ ಮಾಡೋವರೆಗೂ ನಾನೆಲ್ಲಿಗೂ ಹೋಗಲ್ಲ."

ಎರಡು ಗಂಟೆ ಬೆವರಿಳಿಸಿಕೊಂಡು ಕುಳಿತೇ ಇದ್ದಳು. ಅವನಿಗೆ ಅವಳ ಮೇಲೆ ಕೆಂಡದಂಥ ಕೋಪ ಬಂದಿತ್ತು. ಡಾಕ್ಟರು ಅವಳಿಗೆ ಹೇಳಬೇಕಾದ್ದನ್ನು ಅಷ್ಟರಲ್ಲಾಗಲೇ ಹೇಳಿಬಿಟ್ಟಿದ್ದರೆಂದು ಗೊತ್ತಾಗಿದ್ದು ಆಮೇಲೆ.

*

ಕುರ್ಚಿಗೆ ಕಟ್ಟಿದ ಕಂಪ್ಯೂಟರ್ ಪರದೆಯ ಮೇಲೆ ತಮ್ಮ ಹೆಬ್ಬೆರಳಿನಿಂದ ಒಂದೊಂದೇ ಸಾಲು ಸರಿಸುತ್ತ ಹೋದ. ಬಾಗಿಲಿನ ಇಪ್ಪತ್ತು ಸಿಕ್ಕಿತು. ಅದರ ಪಕ್ಕಕ್ಕೆ ಇನ್ನೊಂದು ಸೊನ್ನೆ ಒತ್ತಿದ.

ದೀಪ ಆರಿತು, ಫ್ಯಾನು ನಿಂತಿತು. ಕುಳಿತಿದ್ದವರೆಲ್ಲ ತಲೆಯೆತ್ತಿದರು.

"ಆಯ್ತಲ್ಲ," ಎಂದು ಅಣ್ಣ ಸ್ಕ್ರೂಡ್ರೈವರ್ ಎತ್ತಿಕೊಂಡ.

"ಇನ್ನೂ ನಾಲ್ಕು ನಿಮಿಷ ಇದೆ."

ಕಣ್ಣು ತುಂಬಿ ಅಕ್ಷರ ಕಾಣಲಿಲ್ಲ, ಒರೆಸಿಕೊಳ್ಳಲು ಕೈ ಏಳದು. ಮೇಷ್ಟ್ರು ಎದ್ದುಬಂದು ಕರವಸ್ತ್ರದಿಂದ ಒರೆಸಿದರು. ಅವನು ಓದಿದ. ಹೆಬ್ಬೆರಳು ಜಾರಿ ಸೊನ್ನೆಯ ಜೊತೆಗೆ ಎಂಥದೋ ಗುರುತೊಂದು ಬಿದ್ದಿತ್ತು. ಅಳಿಸಿದ. ಫ್ಯಾನು ತಿರುಗತೊಡಗಿತು.

ಅಣ್ಣ ಒಂದು ಗಳಿಗೆ ಫ್ಯಾನನ್ನೇ ನೋಡಿದ. ಆಮೇಲೆ ಸ್ಟೂಲು ಹತ್ತಿ ಎರಡೂ ಸ್ಕ್ರೂಗಳನ್ನು ಮತ್ತೆ ಬಿಗಿದ.

ನಾಲ್ವರು ಅವಳನ್ನು ಎತ್ತಿಕೊಂಡರು, ಮುಂದೆ ಅಣ್ಣ. ತಮ್ಮ ಗುಂಡಿ ಒತ್ತಿದ. ಬಾಗಿಲು ತೆರೆಯಿತು. ಹೊಸ್ತಿಲಲ್ಲಿ ಹಿಂದಿನವನ ಕಾಲು ಎಡವಿ ಎಲ್ಲರೂ ನಿಂತರು. ತಮ್ಮ ಮನಸ್ಸಿನಲ್ಲೇ ಎಣಿಸಿದ. ಇಪ್ಪತ್ತು ಕಳೆಯಿತು, ಮೂವತ್ತು ಕಳೆಯಿತು. ಬಾಗಿಲು ಅಲ್ಲಾಡಲಿಲ್ಲ.

ಕೊನೆಗೆ ಹೊರಬಂದದ್ದು ಅವನ ಕುರ್ಚಿ. ಗೇಟಿನ ಬಳಿ ಅಣ್ಣ ಹೆಗಲು ಬದಲಿಸುತ್ತ ತಿರುಗಿ ನೋಡಿದ.

"ನಿನ್ನ ಚೀಲ ಒಳಗೇ ಉಳೀತಲ್ಲೋ."

"ಇರಲಿ ಬಿಡಣ್ಣ."

ಬೆನ್ನ ಹಿಂದೆ ವೈಪರ್ ಮೋಟಾರು ಗುಂಯ್‌ಗುಟ್ಟಿತು. ಚೀಲವನ್ನು ಒಳಗಿಟ್ಟುಕೊಂಡು ಬಾಗಿಲು ನಿಧಾನವಾಗಿ ಮುಚ್ಚಿಕೊಂಡಿತು.