ಮೂಲೆಯ ಹೂ

ಹೂ ಬೀಳಲೇ ಇಲ್ಲ.

ಯಂಕಂಚಿಯ ರೇವವ್ವ ಕಣಗಿಲ ಹೂವಿನ ಎರಡು ಎಸಳು ನೀರಿಗದ್ದಿ ದೇವರ ಎಡಬಲಕ್ಕೆ ಅಂಟಿಸಿ ಬಹಳ ಹೊತ್ತಾಗಿತ್ತು. ಬಲದ್ದು ಬಿದ್ದರೆ ದೇವರು ಹೂ ಕೊಟ್ಟ, ಅಂದರೆ ಮಾಸ್ತರನ ಜೊತೆ ಹೋಗಲು ಒಪ್ಪಿದ. ಎಡದ್ದು ಬಿದ್ದರೆ ಮುಗಿಯಿತು, ಮಾಸ್ತರ ಬರಿಗೈಲಿ ಸಿಂದಗಿಗೆ ಹೋಗಬೇಕು. ಎರಡೂ ಬೀಳದಿದ್ದರೆ? "ಕುಂದರಬೇಕ್ರಿ," ಎಂದಿದ್ದಳು ರೇವವ್ವ. ಡ್ರಾಯಿಂಗ್ ಮಾಸ್ತರ ಸಿದ್ರಾಮ ಕಂಬಳಿಯ ಮೇಲೆ ಕುಳಿತೇ ಇದ್ದ. ಹೊರಗೆ ಎಪ್ಪತ್ನಾಲ್ಕರ ಬೇಸಿಗೆಯ ಬಿಸಿಲು. ಹಟ್ಟಿಯಲ್ಲಿ ಮರಿಗಳು ನಿದ್ದೆಗಣ್ಣಲ್ಲೇ ಒದರುತ್ತಿದ್ದವು. ಅವನಿಗೂ ಕಣ್ಣು ಎಳೆಯುತ್ತಿತ್ತು.

ದೇವರೆಂದರೆ ಗೋಡೆಯ ಮಾಡದಲ್ಲಿ ನಿಂತ, ಗೇಣಿಗೂ ಸಣ್ಣದಾದ ಒಂದು ಚೌಕ ಚೀನಿಮಣ್ಣಿನ ಬಿಲ್ಲೆ, ಗೋಡೆಗೆ ಮೆತ್ತುವಂಥದು. ಬಿಳಿ ಮೈಯ ಮೇಲೆ ನೀಲಿಯಲ್ಲಿ ಕೈಯಿಂದ ಬರೆದ ಒಬ್ಬ ಕುರುಬ: ತಲೆಗೆ ಅಗಲ ಟೊಪ್ಪಿಗೆ, ಕೈಯಲ್ಲಿ ಕೋಲು, ಕಾಲ ಬಳಿ ಎರಡು ಕುರಿ. ಕುರುಬರ ದೇವರು ಮಾಳಿಂಗರಾಯನೇ ಇವನೆಂದು ರೇವವ್ವನ ಮಾವನ ಕಾಲದಿಂದ ಭಂಡಾರ ಹಚ್ಚುತ್ತ ಬಂದು, ಅರ್ಧ ಬಿಲ್ಲೆ ಅರಿಸಿನದಲ್ಲಿ ಮುಚ್ಚಿಹೋಗಿತ್ತು.

ಅದು ಹಾಲೆಂಡಿನದೆಂದು ಸಿದ್ರಾಮನಿಗೆ ಗೊತ್ತಿತ್ತು. ವಿಜಾಪುರದ ಲೈಬ್ರರಿಯ ಪುಸ್ತಕವೊಂದರಲ್ಲಿ ಇಂಥವುಗಳ ಚಿತ್ರ ನೋಡಿದ್ದೇ ನೋಡಿದ್ದು, ಹುಚ್ಚು ಹಿಡಿದುಬಿಟ್ಟಿತ್ತು. ಬಾಗೇವಾಡಿ ಕಡೆಯ ಯಾವುದೋ ವಾಡೆ ಯಾವ ಕಾಲಕ್ಕೋ ಬಿದ್ದು, ಅದರ ಬಿಲ್ಲೆಗಳು ಊರೂರು ಸೇರಿದ್ದವು. ಆರು ವರ್ಷ ಅಲೆದು ಮೂರು ಹುಡುಕಿದ್ದ: ಮುದ್ದೇಬಿಹಾಳದಲ್ಲಿ ಚಹದ ಕಿಟಲಿಯ ಕೆಳಗಿನದು, ಇಂಡಿಯಲ್ಲಿ ಉಪ್ಪಿನಕಾಯಿ ಭರಣಿ ಮುಚ್ಚಿದ್ದು, ಮಸೂತಿ ಊರಲ್ಲಿ ಕಟ್ಟೆಗೆ ಮೆತ್ತಿದ್ದು. "ಮಂದಿ ಬಂಗಾರ ಕೂಡಸ್ತಾರ. ನಮ್ಮವ್ರು ಒಡದ ಬಸಿ ಕೂಡಸ್ತಾರ," ಎಂದು ಹೆಂಡತಿ ಇಂದ್ರಾಬಾಯಿ ನೆರೆಯವರೆದುರು ನಗುತ್ತಿದ್ದಳು. ನಗಲಿ ಬಿಡಿ! ಪ್ರತಿ ಬಿಲ್ಲೆಯ ಮೂಲೆಯಲ್ಲಿ ಕಾಲು ಹೂ ಇರುತ್ತದೆ. ನಾಲ್ಕು ಕೂಡಿಸಿದರೆ ನಡುವೆ ಇಡೀ ಹೂ. ಆ ಹೂ ಅವನ ಕನಸಿನಲ್ಲಿ ಎಷ್ಟೋ ಸಲ ಅರಳಿತ್ತು. ಎದ್ದು ನೋಡಿದರೆ ಮುಕ್ಕಾಲೇ.

"ಆಯಿ, ಇಂವ ಮಾಳಿಂಗರಾಯ ಅಲ್ಲ. ಸಮುದ್ರದಾಚಿ ಯಾವನೋ ಕುರುಬ," ಎಂದ.

"ಅಲ್ಲೂ ಕುರಿ ಅದಾವೇನ್ರಿ?"

"ಅದಾವ."

"ಮತ್ತ! ಕುರಿ ಇದ್ದಲ್ಲಿ ಅಂವ ಇರಾಕ ಬೇಕಲ್ರಿ. ಸಾಲಿ ಕಲಸಾವ್ರು, ಇಷ್ಟೂ ತಿಳೀಲಿಲ್ಲ?"

ಸಿದ್ರಾಮ ನಕ್ಕುಬಿಟ್ಟ. ಹೊತ್ತು ಕಳೆಯಲೆಂದು ಚೀಲದಿಂದ ತನ್ನ ಮೂರನ್ನೂ ತೆಗೆದು ತೋರಿಸಿದ. ಕೊಡ ಹೊತ್ತ ಹೆಂಗಸು, ನಾಯಿ, ದೋಣಿ. "ಯಪ್ಪಾ, ಇವ್ರೆಲ್ಲಾ ಅಂವನ ಮನಿಮಂದಿ!" ಎಂದು ರೇವವ್ವ ಬೆರಗಾದಳು. ಅವಳೇ ಒಂದನ್ನು ದೇವರ ಪಕ್ಕಕ್ಕೆ ನಿಲ್ಲಿಸಿದಳು. ಅವನು ಉಳಿದೆರಡನ್ನು ಮೇಲಿಟ್ಟು ಹಿಡಿದ. ನಡುವಿನ ಮೂಲೆಗೆ ಭಂಡಾರ ಮೆತ್ತಿತ್ತು. ರೇವವ್ವ ಸೆರಗಿನಿಂದ ಒರೆಸಿದಳು.

ನಾಲ್ಕು ಮೂಲೆ ಕೂಡಿದಲ್ಲಿ ನೀಲಿ ಹೂ ಅರಳಿತು.

"ಹೂ ಕೊಟ್ಟಾ!" ರೇವವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಕೊಡಬಾರ್ದು ಅಂತ ಬೇಡ್ಕೊಂಡ ಕುಂತಿದ್ದೆ. ಕೊಟ್ಟಬಿಟ್ಟಾ. ಒಯ್ರಿ."

ಇದು ಆ ಹೂ ಅಲ್ಲ ಎನ್ನಬಹುದಿತ್ತು. ಎಸಳೆರಡೂ ಇನ್ನೂ ಹಾಗೇ ಅಂಟಿಕೊಂಡಿದ್ದವು. ಸಿದ್ರಾಮ ತನ್ನ ಮೂರನ್ನು ಚೀಲಕ್ಕೆ ತುಂಬಿಕೊಂಡ. ಅವಳು ಕಣ್ಣೊರೆಸಿಕೊಳ್ಳುತ್ತ ದೇವರನ್ನು ಹೊಸ ಖಣದಲ್ಲಿ ಸುತ್ತಿಕೊಟ್ಟಳು. ಇವನು ಕಳ್ಳನ ಹಾಗೆ ಬಸ್ಸು ಹಿಡಿದ.

ಮನೆಗೆ ಬಂದು ಸಬಕಾರ ಹಚ್ಚಿ ತೊಳೆದ. ನಡುಮನೆಯ ಗೋಡೆಗೆ ನಾಲ್ಕನ್ನೂ ಕೂಡಿಸಿ ಮೆತ್ತಿದ. ಉಣ್ಣುವಾಗಲೂ ಅದನ್ನೇ ನೋಡುತ್ತಿದ್ದ, ತುತ್ತು ಕೈಯಲ್ಲೇ ಉಳಿಯುತ್ತಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಮೊದಲ ಬಸ್ಸಿಗೆ ರೇವವ್ವ ಬಂದಳು, ಸೊಂಟದಲ್ಲಿ ಭಂಡಾರದ ಚೀಲ. "ಅಂವ ಇಲ್ಲಿಗೆ ಬಂದಾನ. ನಾನೂ ಬರಬೇಕಲ್ರಿ," ಎಂದು ಚಪ್ಪಲಿ ಬಿಟ್ಟು ಒಳಗೆ ನಡೆದಳು. ನಾಲ್ಕಕ್ಕೂ ಬಳಿದಳು. ಹೂ ಹಳದಿಯಾಯಿತು. ಸಿದ್ರಾಮ ಅವಳಿಗೆ ಕುರ್ಚಿ ಸರಿಸಿಕೊಟ್ಟ. ಅವಳು ಚಹಾ ಕುಡಿದು ಹೋದ ಮೇಲೆ ಗೊಣಗುತ್ತ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಮೊಳೆಗೆ ಹಾಕಿದ. ಅಲ್ಲಿಂದ ಹೀಗೇ: ಅಮಾವಾಸ್ಯೆಗೊಮ್ಮೆ ಅವಳು ಹಚ್ಚುವುದು, ಇವನು ಒರೆಸುವುದು. ಎರಡು ವರ್ಷ ನಡೆಯಿತು.

ಒಂದು ಅಮಾವಾಸ್ಯೆಗೆ ಬಸ್ಸಿನಿಂದ ಅವಳ ಮಗ ಸೋಮನಿಂಗ ಒಬ್ಬನೇ ಇಳಿದ. ಬಾಗಿಲಲ್ಲೇ ನಿಂತು ಭಂಡಾರದ ಚೀಲ ಚಾಚಿದ.

"ಅವ್ವಗ ಕಣ್ಣು ಹೋಗ್ಯಾವ್ರಿ. ಇನ್ನ ಮಾಸ್ತರ್ರ ಹಚ್ಚಲಿ ಅಂದಾಳ. ತಿಂಗಳಾ ನೀವ ಹಚ್ಚತೀರಂತ ನಂಬ್ಯಾಳ್ರಿ." ಆಮೇಲೆ ನಾಚುತ್ತ ಕೇಳಿದ, "ಹೂ ಹಂಗ ಐತೇನು, ಕೇಳ್ಕೊಂಡ ಬಾ ಅಂದಾಳ."

"ಐತಿ ಅಂತ ಹೇಳಪಾ," ಎಂದ ಸಿದ್ರಾಮ. ಚೀಲ ಇಸಿದುಕೊಂಡ.

ಸೋಮನಿಂಗ ಹೋದ. ಗೋಡೆಯ ಮೇಲೆ ಟೊಪ್ಪಿಗೆಯ ಕುರುಬ ತೊಳೆದಿಟ್ಟಂತೆ ಬೆಳ್ಳಗೆ, ಯಾವುದೋ ದೂರದ ಊರಿನವನ ಹಾಗೆ ನಿಂತಿದ್ದ. ಸಿದ್ರಾಮ ಚಪ್ಪಲಿ ಬಿಟ್ಟು ಹತ್ತಿರ ಹೋದ. ಚಿಟಿಕೆ ಭಂಡಾರ ತೆಗೆದು ಮೊದಲು ಅವನ ಹಣೆಗೆ, ಕುರಿಗಳಿಗೆ, ಕೊಡದ ಹೆಂಗಸಿಗೆ, ನಾಯಿಗೆ, ದೋಣಿಗೆ, ಕಡೆಗೆ ನಡುವಿನ ಹೂವಿಗೆ ಹಚ್ಚಿದ.

ಮರುದಿನ ಇಂದ್ರಾಬಾಯಿ ಕಸ ಹೊಡೆಯುತ್ತ ನೋಡಿದಳು. ಒರೆಸುವ ಬಟ್ಟೆ ಮೊಳೆಯ ಮೇಲೆ ಒಣಗಿಕೊಂಡೇ ಇತ್ತು.